ಆಟಿ ತಿಂಗಳಲ್ಲೂ ನಡೆಯುವ ಇಂಟರ್ನೆಟ್ ಯಾವುದು? ಫೈಬರ್, ಏರ್‌ಫೈಬರ್, 5ಜಿ, ಉಪಗ್ರಹ: ಕರಾವಳಿಯ ಮನೆಗಳಿಗೊಂದು ಹೋಲಿಕೆ

ಮಂಗಳೂರು, ಉಡುಪಿ ಕಡೆ ಹೊಸ ಮನೆ ಕಟ್ಟಿಸಿದವರು ಇದನ್ನು ಕೇಳುತ್ತಾರೆ. ಬೆಂಗಳೂರಿನ ಕೆಲಸವನ್ನು ಊರಿಗೇ ತಂದುಕೊಂಡವರು, ಹೊರದೇಶದ ಮಕ್ಕಳ ವಿಡಿಯೊ ಕಾಲ್‌ಗೆ ದಿನಾ ಕಾಯುವ ಹಿರಿಯರು ಕೂಡ ಕೇಳುತ್ತಾರೆ. ಕೇಬಲಿನಲ್ಲಿ ಬರುವ ಫೈಬರ್ ಹಾಕಿಸುವುದಾ, ಟವರಿನಿಂದ ತಂತಿಯಿಲ್ಲದೆ ಮನೆಗೆ ಬರುವ ಏರ್‌ಫೈಬರಾ, ಅಥವಾ ಮೊಬೈಲಿನ 5ಜಿಯೇ ಸಾಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆ ಬಾಗಿಲಿಗೆ ಫೈಬರ್ ಬರುತ್ತದಾದರೆ ಕಣ್ಣು ಮುಚ್ಚಿ ಫೈಬರ್. ಜೊತೆಗೆ ಬೇರೆ ಕಂಪನಿಯ ಒಂದು ಸಿಮ್. ಫೈಬರ್ ಬರುವುದೇ ಇಲ್ಲವೆಂದರೆ ಮಾತ್ರ ಉಳಿದದ್ದರ ಚರ್ಚೆ. ಆ ಚರ್ಚೆಯೂ ಸಣ್ಣದಲ್ಲ, ಯಾಕೆಂದರೆ ನಮ್ಮ ಎರಡು ಜಿಲ್ಲೆಗಳಲ್ಲಿ ತೋಟದ ನಡುವೆ, ಗುಡ್ಡದ ಬುಡದಲ್ಲಿ, ಹೊಳೆಯ ಆಚೆ ಇರುವ ಒಂಟಿ ಮನೆಗಳೇ ಜಾಸ್ತಿ.

ನೆಟ್‌ನಲ್ಲಿ ಸಿಗುವ ಹೋಲಿಕೆಗಳೆಲ್ಲ ಹೆಚ್ಚಾಗಿ ದೊಡ್ಡ ನಗರದ ಫ್ಲ್ಯಾಟಿಗೆ ಬರೆದವು. ಅವುಗಳಲ್ಲಿ ಸ್ಪೀಡ್ ಒಂದೇ ಅಳತೆ. ಇಲ್ಲಿ ಹಾಗಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಫೆಬ್ರವರಿಯಲ್ಲಿ ಎಲ್ಲರ ಇಂಟರ್ನೆಟ್ಟೂ ಚೆನ್ನಾಗಿಯೇ ಓಡುತ್ತದೆ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ, ಮರ ಮುರಿದು, ಕರೆಂಟ್ ಹೋಗಿ, ಎರಡು ದಿನ ಕತ್ತಲಾದಾಗ ಯಾವುದು ಉಳಿಯುತ್ತದೆ? ಈ ಲೆಕ್ಕದಲ್ಲೇ ಒಂದೊಂದನ್ನೂ ನೋಡೋಣ.

ಮೊದಲು ತರಂಗದ ಲೆಕ್ಕ

ತಂತಿಯಿಲ್ಲದ ಇಂಟರ್ನೆಟ್‌ನ ಎಲ್ಲ ಜಗಳದ ಮೂಲ ತರಂಗಾಂತರ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. ಆದರೆ ಅಲ್ಲಿ ಜಾಗ ಕಡಿಮೆ, ಹಾಗಾಗಿ ಡೇಟಾ ಕಡಿಮೆ ಹೊರುತ್ತವೆ. 3,300 ಮೆಗಾಹರ್ಟ್ಸ್‌ಗಿಂತ ಮೇಲಿನವು ರಾಶಿ ಡೇಟಾ ತರುತ್ತವೆ, ಆದರೆ ಅಡ್ಡ ಏನಾದರೂ ಬಂದರೆ ಸೊರಗುತ್ತವೆ. ನಾಲ್ಕು ಗದ್ದೆ ಆಚೆ ದೈವದ ನೇಮ ನಡೆಯುವಾಗ ಮೈಕಿನ ಮಾತು ನಮಗೆ ಅರ್ಥವಾಗುವುದಿಲ್ಲ, ದಪ್ಪ ಸದ್ದು ಮಾತ್ರ ಮಲಗುವ ಕೋಣೆಯವರೆಗೂ ಬರುತ್ತದೆ ನೋಡಿ, ಹಾಗೆ.

ಭಾರತದಲ್ಲಿ 5ಜಿ ತರಂಗಗಳ ಹರಾಜು ಮುಗಿದದ್ದು 2022ರ ಆಗಸ್ಟ್ 1ಕ್ಕೆ. ಸೇವೆಗೆ ಚಾಲನೆ ಸಿಕ್ಕಿದ್ದು ಅದೇ ಅಕ್ಟೋಬರ್ 1ರಂದು. ಆ ಹರಾಜಿನಲ್ಲಿ ಜಿಯೊ ಮತ್ತು ಏರ್‌ಟೆಲ್ ಎರಡೂ 3,300 ಮೆಗಾಹರ್ಟ್ಸ್ ಪಟ್ಟಿಯನ್ನೂ (ಬ್ಯಾಂಡ್) 26 ಗಿಗಾಹರ್ಟ್ಸ್ ಪಟ್ಟಿಯನ್ನೂ ಕೊಂಡವು (ಸಾವಿರ ಮೆಗಾಹರ್ಟ್ಸ್ ಅಂದರೆ ಒಂದು ಗಿಗಾಹರ್ಟ್ಸ್). 700 ಮೆಗಾಹರ್ಟ್ಸ್ ಕೊಂಡದ್ದು ಜಿಯೊ ಮಾತ್ರ. ಏರ್‌ಟೆಲ್ ಅದನ್ನು ಬಿಟ್ಟು, ತನ್ನಲ್ಲಿ ಮೊದಲೇ ಇದ್ದ 900, 1800, 2100ರ ಮೇಲೆ ನಂಬಿಕೆ ಇಟ್ಟಿತು. ಎರಡೂ ಲೆಕ್ಕಾಚಾರಕ್ಕೆ ಅರ್ಥವಿದೆ. ಆದರೆ ನಿಮಗೆ ಬೇಕಾದದ್ದು ಅವರ ಲೆಕ್ಕಾಚಾರವಲ್ಲ, ನಿಮ್ಮ ಮನೆಗೆ ಹತ್ತಿರದ ಟವರಿನಲ್ಲಿ ಯಾರು ಯಾವ ಪಟ್ಟಿ ಹಚ್ಚಿದ್ದಾರೆ ಎನ್ನುವುದು. ಪಕ್ಕದ ಮನೆಯವರಿಗೆ ಚೆನ್ನಾಗಿರುವ ಕಂಪನಿ ನಿಮ್ಮ ಅಂಗಳದಲ್ಲಿ ಸತ್ತುಹೋಗುವುದು ಇದೇ ಕಾರಣಕ್ಕೆ. ನಡುವೆ ಒಂದು ಸಣ್ಣ ಗುಡ್ಡ ಇದ್ದರೆ ಸಾಕು.

ಮಳೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 3.5 ಗಿಗಾಹರ್ಟ್ಸ್‌ವರೆಗಿನ ಸಿಗ್ನಲ್ ಮಳೆಹನಿಯಿಂದ ಅಷ್ಟೇನೂ ಕುಗ್ಗುವುದಿಲ್ಲ. ಕುಗ್ಗಿಸುವುದು ಒದ್ದೆ ಎಲೆ. ದಟ್ಟ ಅಡಿಕೆ ತೋಟ, ಹಲಸು, ಮಾವು ನೀರು ಕುಡಿದು ನಿಂತಾಗ ಅವುಗಳ ಮೂಲಕ ಬರುವ ತರಂಗ ಸೋಲುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಎರಡು ಕಡ್ಡಿ ತೋರಿಸುತ್ತಿದ್ದ ಫೋನು ಜೂನ್ ಕೊನೆಗೆ ಒಂದಕ್ಕೆ ಇಳಿಯುತ್ತದೆ. 26 ಗಿಗಾಹರ್ಟ್ಸ್‌ನದ್ದು ಬೇರೆ ಕತೆ. ಅದಕ್ಕೆ ನಮ್ಮ ಜಡಿಮಳೆಯೇ ನೇರ ಶತ್ರು.

ಮಾಡು ಯಾವುದು?

ಇದನ್ನು ಯಾವ ಜಾಹೀರಾತೂ ಕೇಳುವುದಿಲ್ಲ. ಹಂಚಿನ ಮನೆಯೊಳಗೆ ಸಿಗ್ನಲ್ ಸಲೀಸಾಗಿ ಇಳಿಯುತ್ತದೆ. ಮುರಕಲ್ಲಿನ ದಪ್ಪ ಗೋಡೆ ಸ್ವಲ್ಪ ತಿನ್ನುತ್ತದೆ. ಕಬ್ಬಿಣದ ಸರಳಿರುವ ಆರ್‌ಸಿಸಿ ಸ್ಲ್ಯಾಬ್ ಇನ್ನೂ ಜಾಸ್ತಿ ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಈಗ ಊರೆಲ್ಲ ಕಾಣುವ ಟೆರೇಸ್ ಮೇಲಿನ ಶೀಟ್. ಸೋರುವ ಸ್ಲ್ಯಾಬಿಗೆ ಅದು ಒಳ್ಳೆ ಔಷಧ, ಅಡಿಕೆ ಒಣಗಿಸಲಿಕ್ಕೂ ಅನುಕೂಲ. ಆದರೆ ಅದು ಲೋಹ. ಮೇಲಿನಿಂದ ಬರುವ ಸಿಗ್ನಲನ್ನು ಹಾಗೇ ತಿರುಗಿಸಿ ಕಳಿಸುತ್ತದೆ.

ಕಾರ್ಕಳದ ಹತ್ತಿರ ನನ್ನ ದೊಡ್ಡಮ್ಮನ ಮನೆಯಲ್ಲಿ ಇದನ್ನು ಅಳೆದು ನೋಡಿದ್ದೇನೆ. ಜಗಲಿಯಲ್ಲಿ ಫೋನು ಮೈನಸ್ 94 ತೋರಿಸುತ್ತದೆ. ಒಳಗೆ ಅಡುಗೆಮನೆಯ ಪಕ್ಕದ ಕೋಣೆಗೆ ಹೋದರೆ ಮೈನಸ್ 115. ಸಿಗ್ನಲ್ ಎಷ್ಟು ಗಟ್ಟಿ ಎಂದು ಹೇಳುವ ಈ ಅಳತೆಗೆ ಡಿಬಿಎಂ ಅನ್ನುತ್ತಾರೆ. ಮೈನಸ್ 80–90 ಇದ್ದರೆ ಒಳ್ಳೆಯದು, 100ರ ಆಸುಪಾಸು ನಡೆಯುತ್ತದೆ, 110 ದಾಟಿದರೆ ವಿಡಿಯೊ ಕಾಲ್ ತುಂಡುತುಂಡು, 120ಕ್ಕೆ ಏನೂ ಇಲ್ಲ. ಹೆಚ್ಚಿನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಎಂಬಲ್ಲಿ ಇದು ಸಿಗುತ್ತದೆ. ಕಡ್ಡಿ ಎಣಿಸುವುದಕ್ಕಿಂತ ಇದನ್ನು ನೋಡಿ. ಕಡ್ಡಿಗಳನ್ನು ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ.

ಮೊಬೈಲ್ 5ಜಿ: ಯಾರಿಗೆ ಸಾಕು?

ಮಂಗಳೂರು ಪೇಟೆ, ಉಡುಪಿ, ಮಣಿಪಾಲದಲ್ಲಿ ಒಬ್ಬರೇ ಇರುವವರಿಗೆ, ಪಿಜಿಯಲ್ಲಿರುವ ವಿದ್ಯಾರ್ಥಿಗಳಿಗೆ ಇದೇ ಸಾಕು. ಬೇರೆ ಸಂಪರ್ಕ ಸುಮ್ನೆ ಖರ್ಚು. 2024ರ ಜುಲೈಯಲ್ಲಿ ದರ ಏರಿದ ಮೇಲೆ ಜಿಯೊ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ಸಾಮಾನ್ಯವಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಅಂದರೆ ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ ಹಾಕಿ 5ಜಿ ಫೋನ್ ಹಿಡಿದುಕೊಂಡರೆ ಪ್ರಯೋಜನ ಅರ್ಧ. ಮತ್ತೊಂದು ಸಂಗತಿ: ಆ ಮಿತಿಯಿಲ್ಲದ್ದು 5ಜಿ ಸಿಗುವ ಜಾಗದಲ್ಲಿ ಮಾತ್ರ. ಫೋನು 4ಜಿಗೆ ಇಳಿದ ಕೂಡಲೇ ದಿನದ ಲೆಕ್ಕ ಶುರು.

ಎಸ್‌ಎ, ಎನ್‌ಎಸ್‌ಎ ಎಂಬ ಎರಡು ಬಗೆಯ 5ಜಿಯ ಬಗ್ಗೆ ಕೇಳಿರಬಹುದು. ಜಿಯೊ ಆರಂಭದಿಂದಲೂ ಎಸ್‌ಎ, ಅಂದರೆ 4ಜಿಯ ಆಸರೆಯಿಲ್ಲದೆ ಸ್ವಂತ ಕಾಲಿನ ಮೇಲೆ ನಿಂತ 5ಜಿ. ಏರ್‌ಟೆಲ್ ಎನ್‌ಎಸ್‌ಎಯಿಂದ ಶುರು ಮಾಡಿತು. ಅದರಲ್ಲಿ ಫೋನು ಮೊದಲು 4ಜಿಯನ್ನು ಹಿಡಿದುಕೊಂಡು, ಮೇಲೆ 5ಜಿಯನ್ನು ಸೇರಿಸಿಕೊಳ್ಳುತ್ತದೆ. ಕಾಗದದ ಮೇಲೆ ಎಸ್‌ಎ ಮುಂದಿನ ಕಾಲದ್ದು. ಆದರೆ ತೋಟದ ಮನೆಯಲ್ಲಿ ಒಂದು ತಮಾಷೆ ಇದೆ. ಟವರ್ ಜೋರಾಗಿ ಕೂಗಬಲ್ಲದು, ಫೋನಿಗೆ ಅಷ್ಟು ಶಕ್ತಿಯಿಲ್ಲ. 3,300 ಮೆಗಾಹರ್ಟ್ಸ್‌ನಲ್ಲಿ ಡೌನ್‌ಲೋಡ್ ಬರುತ್ತದೆ, ಅಪ್‌ಲೋಡ್ ಟವರ್‌ವರೆಗೆ ತಲುಪುವುದಿಲ್ಲ. ಅಂಥ ಅಂಚಿನ ಜಾಗದಲ್ಲಿ ಕೆಳಗಿನ ತರಂಗದ 4ಜಿಯ ಮೇಲೆ ಅಪ್‌ಲೋಡ್ ಕಳಿಸುವ ಎನ್‌ಎಸ್‌ಎಯೋ, 700ರ ಮೇಲೆ ಓಡುವ ಎಸ್‌ಎಯೋ ಗೆಲ್ಲುತ್ತದೆ. ಆದ್ದರಿಂದ ಈ ಎರಡು ಹೆಸರು ನೋಡಿ ಸಿಮ್ ತೆಗೆದುಕೊಳ್ಳಬೇಡಿ. ಮೀಟಿಂಗ್‌ನಲ್ಲಿ ನಿಮ್ಮ ಮುಖ ಬೇರೆಯವರಿಗೆ ನಿಂತುಹೋದ ಹಾಗೆ ಕಾಣುತ್ತಿದೆ, ನಿಮಗೆ ಮಾತ್ರ ಎಲ್ಲ ಸರಿಯಾಗಿದೆ ಅಂದರೆ ತೊಂದರೆ ಅಪ್‌ಲೋಡಿನದ್ದೇ.

ಮನೆಗೆ ನಾಲ್ಕು ಜನ, ಒಂದು ಟಿವಿ, ಎರಡು ಲ್ಯಾಪ್‌ಟಾಪ್ ಅಂದರೆ ಹಾಟ್‌ಸ್ಪಾಟ್ ಮೇಲೆ ಸಂಸಾರ ನಡೆಸುವುದು ಬೇಡ. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಹಾಳಾಗುತ್ತದೆ. ಫೋನಿನ ಯಜಮಾನರು ಪೇಟೆಗೆ ಹೋದರೆ ಇಂಟರ್ನೆಟ್ಟೂ ಅವರ ಜೊತೆಗೇ ಹೋಯಿತು.

ಫೈಬರ್: ಗಾಜಿನ ಎಳೆ, ಕೇಬಲ್‌ನವರ ಕೈ

ಫೈಬರಿನಲ್ಲಿ ಬರುವುದು ಬೆಳಕು. ಗುಡ್ಡ, ಎಲೆ, ಶೀಟ್, ಮೋಡ ಯಾವುದರ ಗೊಡವೆಯೂ ಅದಕ್ಕಿಲ್ಲ. ಮನೆಗಳಿಗೆ ಬರುವ ಹೆಚ್ಚಿನ ಫೈಬರ್ ಜಿಪಾನ್ ಎಂಬ ಪದ್ಧತಿಯದು. ಒಂದು ಎಳೆಯಲ್ಲಿ ಸುಮಾರು 2.5 ಗಿಗಾಬಿಟ್ ಕೆಳಗೆ, 1.25 ಗಿಗಾಬಿಟ್ ಮೇಲೆ ಹರಿಯುತ್ತದೆ. ಅದನ್ನು ಸ್ಪ್ಲಿಟರ್ ಇಟ್ಟು ಹತ್ತಾರು ಮನೆಗೆ ಹಂಚುತ್ತಾರೆ. ಆ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಕರಾವಳಿಯವರಿಗೆ ಇದು ದೊಡ್ಡ ವಿಷಯ. ಎಕ್ಸ್‌ಚೇಂಜಿನಲ್ಲಿ ಜನರೇಟರ್ ಇದ್ದು, ನಿಮ್ಮ ಮನೆಯ ಪೆಟ್ಟಿಗೆಗೆ ಇನ್‌ವರ್ಟರ್ ಇದ್ದರೆ, ನಡುವೆ ಎಷ್ಟು ಊರಿಗೆ ಕತ್ತಲಾದರೂ ಇಂಟರ್ನೆಟ್ ನಿಲ್ಲುವುದಿಲ್ಲ. ಇನ್‌ವರ್ಟರ್ ಇಲ್ಲದವರು ರೂಟರಿಗೆಂದೇ ಬರುವ ಮಿನಿ ಯುಪಿಎಸ್ ತಂದಿಡಿ. ಪೆಟ್ಟಿಗೆಯ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದೆಯಾ, ಎಷ್ಟು ಆಂಪಿಯರ್ ಅಂತ ನೋಡಿಕೊಂಡು, ಅದಕ್ಕೆ ಸರಿಹೊಂದುವುದನ್ನೇ ತೆಗೆದುಕೊಳ್ಳಿ.

ಆದರೆ ಕೆಲವು ಸಣ್ಣ ಪೂರೈಕೆದಾರರು ನಡುದಾರಿಯಲ್ಲಿ, ಯಾವುದೋ ಅಂಗಡಿಯ ಮಾಡಿನಡಿ, ಕರೆಂಟ್ ಬೇಕಾಗುವ ಸ್ವಿಚ್ ಇಟ್ಟಿರುತ್ತಾರೆ. ಆ ಅಂಗಡಿಗೆ ಕರೆಂಟ್ ಹೋದರೆ ನಿಮ್ಮ ಇನ್‌ವರ್ಟರ್ ಇದ್ದೂ ಪ್ರಯೋಜನವಿಲ್ಲ. ಸಂಪರ್ಕ ತೆಗೆದುಕೊಳ್ಳುವ ಮೊದಲು ಇದೊಂದನ್ನು ಬಾಯಿಬಿಟ್ಟು ಕೇಳಿ: "ಎಲ್ಲಿಂದ ಲೈನ್ ಬರ್ತದೆ? ನಡುವೆ ಕರೆಂಟಿನ ಪೆಟ್ಟಿಗೆ ಉಂಟಾ? ಅದಕ್ಕೆ ಬ್ಯಾಟರಿ ಉಂಟಾ?"

ಫೈಬರಿನ ದೌರ್ಬಲ್ಯ ಎಳೆಯಲ್ಲಿಲ್ಲ, ಅದು ಬರುವ ದಾರಿಯಲ್ಲಿದೆ. ನಮ್ಮಲ್ಲಿ ಕೇಬಲ್ ನೆಲದಡಿ ಬರುವುದು ಅಪರೂಪ. ಕಂಬದಿಂದ ಕಂಬಕ್ಕೆ, ಅಲ್ಲಿಂದ ತೆಂಗಿನಮರಕ್ಕೆ, ಮರದಿಂದ ಕಿಟಕಿಗೆ. ಗಾಳಿಗೆ ಒಂದು ಮಡಲು ಬಿದ್ದರೆ ಮುಗಿಯಿತು. ಅಳಿಲೂ ಕಡಿಯುತ್ತದೆ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗಿತೋ, ಬೆಳಕು ಬರುತ್ತಿಲ್ಲ ಎಂದರ್ಥ. ರೂಟರನ್ನು ಆಫ್ ಆನ್ ಮಾಡುತ್ತಾ ಕೂರುವುದು ವ್ಯರ್ಥ, ನೇರ ಫೋನ್ ಮಾಡಿ. ಆಗ ಬರುವ ಉತ್ತರ ನಮಗೆಲ್ಲ ಬಾಯಿಪಾಠ: "ಅಣ್ಣ, ಮೇಲಿನ ಮನೆ ಹತ್ತಿರ ಮರ ಬಿದ್ದಿದೆ. ಮೆಸ್ಕಾಂನವರು ಲೈನ್ ತೆಗೀಲಿ, ಮಳೆ ಸ್ವಲ್ಪ ನಿಲ್ಲಲಿ, ಬರ್ತೇನೆ." ಮಳೆ ನಿಲ್ಲುವುದು ಯಾವಾಗ ಮಾರಾಯ್ರೆ!

ಹಾಗಾಗಿ ಫೈಬರ್ ಆರಿಸುವುದೆಂದರೆ ಅದನ್ನು ರಿಪೇರಿ ಮಾಡುವ ಮನುಷ್ಯನನ್ನು ಆರಿಸುವುದು. ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಕೂಡ ಹೆಚ್ಚಾಗಿ ಸ್ಥಳೀಯ ಪಾಲುದಾರರ ಮೂಲಕವೇ ಮನೆಗೆ ಬರುವುದು. ಎಷ್ಟೋ ಕಡೆ ಅವರು ನಿಮ್ಮ ಹಳೇ ಕೇಬಲ್ ಟಿವಿಯವರೇ ಆಗಿರುತ್ತಾರೆ. ಕಂಪನಿ ಯಾವುದು ಎನ್ನುವುದಕ್ಕಿಂತ ಲೈನ್ ನೋಡಿಕೊಳ್ಳುವವರ ಮನೆ ಎಷ್ಟು ದೂರ, ತುಂಡಾದ ಎಳೆಯನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಅವರ ಹತ್ತಿರವೇ ಇದೆಯಾ ಎನ್ನುವುದು ದೊಡ್ಡದು. ಒಂದೇ ಮೆಷಿನ್ ಮೂರು ಊರಿಗೆ ಸುತ್ತುತ್ತಿದ್ದರೆ ಆಟಿಯಲ್ಲಿ ನಿಮ್ಮ ಸರದಿ ತಡ. ನಾನಂತೂ 50 ರೂಪಾಯಿ ಕಡಿಮೆಯ ಪ್ಲಾನ್‌ಗಿಂತ, ಕರೆದರೆ ಬರುವ ಹುಡುಗನಿಗೇ ಮತ ಹಾಕುತ್ತೇನೆ.

ಸಿಡಿಲಿನ ವಿಷಯ. ಏಪ್ರಿಲ್–ಮೇಯ ಸಂಜೆಮಳೆ, ಅಕ್ಟೋಬರ್‌ನ ಗುಡುಗು, ಈ ಎರಡು ಹೊತ್ತಿನಲ್ಲಿ ಹಳೆಯ ತಾಮ್ರದ ಟೆಲಿಫೋನ್ ತಂತಿ ಎಷ್ಟು ಮೋಡೆಮ್ ಸುಟ್ಟಿತೋ ಲೆಕ್ಕವಿಲ್ಲ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಆದರೆ ಮನೆಗೆ ಬರುವ ಹೆಚ್ಚಿನ ಕಪ್ಪು ಕೇಬಲಿನಲ್ಲಿ, ಜೋತು ಬೀಳದ ಹಾಗೆ, ಪಕ್ಕಕ್ಕೊಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯಲ್ಲೇ ಬಿಡಿಸಿ ಕತ್ತರಿಸಿ, ಎಳೆಯನ್ನು ಮಾತ್ರ ಒಳಗೆ ತರುವಂತೆ ಹೇಳಿ. ಅಡಾಪ್ಟರ್ ಪ್ಲಗ್ಗಿನಲ್ಲೇ ಇದ್ದರೆ ಕರೆಂಟ್ ಲೈನಿನಿಂದ ಹೊಡೆತ ಬರುವುದು ತಪ್ಪುವುದಿಲ್ಲ. ಗುಡುಗಿದರೆ ಕಿತ್ತಿಡಿ.

ಏರ್‌ಫೈಬರ್: ಹೆಸರಲ್ಲಿ ಮಾತ್ರ ಫೈಬರ್

2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಸೆಪ್ಟೆಂಬರ್‌ನಲ್ಲಿ ಜಿಯೊ ಏರ್‌ಫೈಬರ್ ಹೆಸರಿನ ಸೇವೆ ಶುರು ಮಾಡಿದವು. ಮಾಡಿನ ಮೇಲೋ ಗೋಡೆಗೋ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಅದು ಟವರಿನ 5ಜಿ ಹಿಡಿದು, ಒಳಗಿನ ರೂಟರಿಗೆ ತಂತಿಯಲ್ಲಿ ಕಳಿಸುತ್ತದೆ. ಎಷ್ಟೆಂದರೂ ಅದು ಮೊಬೈಲ್ ಇಂಟರ್ನೆಟ್ಟೇ, ಆಂಟೆನಾ ದೊಡ್ಡದು ಅಷ್ಟೆ. ಕೆಲವು ಕಡೆ ಇದೇ ಹೆಸರಿನಲ್ಲಿ ಬರುವುದು 5ಜಿಯೂ ಅಲ್ಲ. ಪರವಾನಗಿ ಬೇಕಿಲ್ಲದ 5 ಗಿಗಾಹರ್ಟ್ಸ್ ಪಟ್ಟಿಯ ರೇಡಿಯೊ ಅದು. ಅದಕ್ಕೆ ಟವರ್ ಕಣ್ಣಿಗೆ ಕಾಣಲೇಬೇಕು. ನಡುವೆ ಒಂದು ಮಾವಿನ ಮರ ಬಂದರೂ ಕಷ್ಟ. ಯಾವ ಬಗೆ ಹಾಕುತ್ತೀರಿ ಅಂತ ಕೇಳುವುದಕ್ಕೆ ನಾಚಬೇಡಿ.

ಎಲ್ಲಿ ಇದು ಒಳ್ಳೆಯದು? ಟವರ್ ಕಾಣುವ, ಫೈಬರ್ ಎಳೆಯಲಾಗದ ಮನೆ. ಬಾಡಿಗೆ ಮನೆ, ಮಾಲೀಕರು ಗೋಡೆ ಕೊರೆಯಲು ಬಿಡದ ಜಾಗ. ಒಂದು ವರ್ಷಕ್ಕೆ ಬೇರೆ ಕಡೆ ಹೋಗುವವರು. ಕೆಲವೇ ಗಂಟೆಯಲ್ಲಿ ಕೂರಿಸಿ ಹೋಗುತ್ತಾರೆ. ಕಂಬ, ಮಡಲು, ಅಳಿಲಿನ ಕಾಟವಿಲ್ಲ. ಶೀಟ್ ಹಾಕಿದ ಮನೆಗೂ ಇದೊಂದು ಪರಿಹಾರ, ಯಾಕೆಂದರೆ ಆಂಟೆನಾ ಶೀಟಿನ ಹೊರಗೇ ಕೂರುತ್ತದೆ.

ಕೊರತೆಗಳು ಮೂರು ನನಗೆ ಮುಖ್ಯ ಅನಿಸುತ್ತವೆ. ಮೊದಲನೆಯದು, ಸಂಜೆಯ ಹೊತ್ತು. ನಿಮ್ಮ ಟವರನ್ನು ಊರಿನ ಎಲ್ಲ ಫೋನುಗಳೂ ಹಂಚಿಕೊಳ್ಳುತ್ತವೆ. ರಾತ್ರಿ ಎಂಟರಿಂದ ಹತ್ತರವರೆಗಿನ ಸ್ಪೀಡ್ ಬೆಳಿಗ್ಗೆಯದ್ದಾಗಿರುವುದಿಲ್ಲ. ಎರಡನೆಯದು, ಡೇಟಾ ಮಿತಿ ಮತ್ತು ದರ. ಜಿಯೊ ಏರ್‌ಫೈಬರ್ ಶುರುವಾದಾಗ 30 ಎಂಬಿಪಿಎಸ್ ಪ್ಲಾನಿಗೆ ತಿಂಗಳಿಗೆ 599 ರೂಪಾಯಿ, ಮೇಲೆ 18% ಜಿಎಸ್‌ಟಿ. ಅದರಲ್ಲಿ ಟಿವಿ ಚಾನೆಲ್, ಒಟಿಟಿ ಸೇರಿತ್ತು ಅನ್ನುವುದು ನಿಜ. ಆದರೆ ಅಷ್ಟೇ ಸ್ಪೀಡಿನ ಬರೀ ಇಂಟರ್ನೆಟ್ ಅದೇ ಕಂಪನಿಯ ಫೈಬರಿನಲ್ಲಿ 399ಕ್ಕೆ ಸಿಗುತ್ತಿತ್ತು. ತಿಂಗಳ ಡೇಟಾ ಮಿತಿಯೂ ಫೈಬರಿನಲ್ಲಿ 3,300 ಜಿಬಿ ಇದ್ದರೆ ಏರ್‌ಫೈಬರಿನಲ್ಲಿ 1,000 ಜಿಬಿ. ದರ ಬದಲಾಗುತ್ತಿರುತ್ತದೆ, ಆ ದಿನದ್ದನ್ನು ನೋಡಿಕೊಳ್ಳಿ. ಮೂರನೆಯದು ಸಿಡಿಲು. ಗುಡ್ಡದ ಮೇಲಿನ ಮನೆ, ಮಾಡಿನ ಮೇಲೆ ಕಂಬ, ಅಲ್ಲಿಂದ ಒಳಗೆ ಇಳಿಯುವ ತಾಮ್ರದ ಕೇಬಲ್. ಅರ್ತಿಂಗ್ ಸರಿ ಇಲ್ಲದೆ ಇದನ್ನು ಮೇ ತಿಂಗಳಲ್ಲಿ ಹಾಕಿಸಿಕೊಳ್ಳಬೇಡಿ.

ಟವರ್ ಕೂಡ ಕರೆಂಟಿನ ಮೇಲೇ ಬದುಕುವುದು. ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಡೀಸೆಲ್. ಪೇಟೆಯ ಟವರಿಗೆ ಡೀಸೆಲ್ ಬೇಗ ಬರುತ್ತದೆ. ಘಟ್ಟದ ಬುಡದ ಕೊಲ್ಲಮೊಗ್ರಿಗೋ ಅಮಾಸೆಬೈಲಿಗೋ ಮಳೆಯಲ್ಲಿ ಯಾರು ಕ್ಯಾನ್ ಹೊತ್ತು ಹೋಗಬೇಕು? ಹಿಂದಿನ ಮಳೆಗಾಲದಲ್ಲಿ ಕರೆಂಟ್ ಹೋದ ಎಷ್ಟು ಹೊತ್ತಿಗೆ ಟವರ್ ಸತ್ತಿತು ಎನ್ನುವುದು ಊರಿನ ಅಂಗಡಿಯವರಿಗೆ ಗೊತ್ತಿರುತ್ತದೆ. ಕಂಪನಿಯ ಪ್ರತಿನಿಧಿಯನ್ನಲ್ಲ, ಅವರನ್ನು ಕೇಳಿ.

ಬಿಎಸ್‌ಎನ್‌ಎಲ್ ಸಿಮ್ ಬಿಸಾಡಬೇಡಿ

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಫೋಟೊ ದೇಶವೆಲ್ಲ ಸುತ್ತಿತು. ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅಂಥ ಊರುಗಳಿಗಾಗಿಯೇ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ 4ಜಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಟವರ್ ಹಾಕುವ ಕೆಲಸ ಬಿಎಸ್‌ಎನ್‌ಎಲ್‌ನದ್ದು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಅಧಿಕೃತ ಚಾಲನೆಯೂ ಸಿಕ್ಕಿತು.

ನಗರದಲ್ಲಿ ಇದಕ್ಕಾಗಿ ಯಾರೂ ನಂಬರ್ ಬದಲಿಸಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಘಟ್ಟದ ಬುಡದವರಿಗೆ, ಎರಡನೇ ಸಿಮ್ಮಾಗಿ, ಇದಕ್ಕಿಂತ ಒಳ್ಳೆಯದಿಲ್ಲ. 700 ಮೆಗಾಹರ್ಟ್ಸ್ ಇವರ ಬಳಿಯೂ ಇದೆ. ನಿಮ್ಮ ಫೋನು 4ಜಿಯ ಬ್ಯಾಂಡ್ 28ನ್ನು, ಅಂದರೆ ಈ 700ರ ಪಟ್ಟಿಯನ್ನು, ಹಿಡಿಯುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ಇನ್ನೊಂದು ಒಳ್ಳೆಯ ಬದಲಾವಣೆ 2025ರ ಜನವರಿಯಲ್ಲಿ ಬಂತು. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಮೂವರ ಗ್ರಾಹಕರೂ ಯಾವ ಟವರನ್ನಾದರೂ ಬಳಸಬಹುದು. ಒಳನಾಡಿನಲ್ಲಿ ನಿಮ್ಮ ಫೋನು ಇದ್ದಕ್ಕಿದ್ದಂತೆ ಬೇರೆ ಕಂಪನಿಯ ಹೆಸರು ತೋರಿಸಿದರೆ ಗಾಬರಿಯಾಗಬೇಡಿ.

ವೈಮ್ಯಾಕ್ಸ್ ನೆನಪಿದೆಯಾ?

ಹೊಸ ಹೆಸರು ಕೇಳಿ ಹಣ ಹಾಕುವ ಮೊದಲು ಈ ಹಳೇ ಜಗಳ ಗೊತ್ತಿರಲಿ. 4ಜಿ ಯಾವುದಾಗಬೇಕು ಎಂಬುದಕ್ಕೆ ಎರಡು ಪಕ್ಷಗಳಿದ್ದವು. ಇಂಟೆಲ್ ಬೆನ್ನಿಗೆ ನಿಂತ ವೈಮ್ಯಾಕ್ಸ್ ಮೊದಲು ಬಂತು. ಈಗ ನಮ್ಮ ಫೋನುಗಳಲ್ಲಿರುವ 4ಜಿ, ಅಂದರೆ ಎಲ್‌ಟಿಇ, ತಡವಾಗಿ, 2009ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊದಲ್ಲಿ ಶುರುವಾಯಿತು. ನಮ್ಮಲ್ಲಿ 2010ರ ಬ್ರಾಡ್‌ಬ್ಯಾಂಡ್ ತರಂಗಾಂತರ ಹರಾಜು 38 ಸಾವಿರ ಕೋಟಿಗೂ ಹೆಚ್ಚು ತಂದಾಗ, ಕೊಂಡವರು ಯಾವುದನ್ನು ಹಾಕುತ್ತಾರೆ ಎಂಬ ಚರ್ಚೆ ಜೋರಾಗಿತ್ತು. ಬಿಎಸ್‌ಎನ್‌ಎಲ್ ವೈಮ್ಯಾಕ್ಸ್ ಹಾಕಿತು. ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ, ಮೇಯಲ್ಲಿ ಬೆಂಗಳೂರಿನಲ್ಲಿ ಎಲ್‌ಟಿಇ ಶುರು ಮಾಡಿತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬರುವಷ್ಟರಲ್ಲಿ ಆಟ ಮುಗಿದಿತ್ತು. ಅಮೆರಿಕದಲ್ಲಿ ಸ್ಪ್ರಿಂಟ್ ತನ್ನ ವೈಮ್ಯಾಕ್ಸನ್ನು ಅದೇ ವರ್ಷ ಮುಚ್ಚಿತು.

ವೈಮ್ಯಾಕ್ಸ್ ಕೆಟ್ಟ ತಂತ್ರಜ್ಞಾನವೇನೂ ಆಗಿರಲಿಲ್ಲ. ಇದ್ದ 2ಜಿ, 3ಜಿ ಜಾಲದ ಮೇಲೆಯೇ ಬೆಳೆಯುವ ದಾರಿ ಎಲ್‌ಟಿಇಗೆ ಇತ್ತು. ಫೋನು ತಯಾರಿಸುವವರು ಎಲ್ಲರೂ ಆ ಕಡೆ ಹೋದರು, ಅಷ್ಟೆ. ಇದೇ ಕಣ್ಣಿನಿಂದ ನೋಡಿದರೆ 26 ಗಿಗಾಹರ್ಟ್ಸ್ ಇರುವ ಫೋನಿಗೆಂದು ಜಾಸ್ತಿ ದುಡ್ಡು ಕೊಡುವುದು ಈಗ ದಂಡ. 5ಜಿಯ ಎನ್28 (700 ಮೆಗಾಹರ್ಟ್ಸ್), ಎನ್78 (3,300 ಮೆಗಾಹರ್ಟ್ಸ್) ಬ್ಯಾಂಡ್ ಇದೆಯಾ ನೋಡಿ, ಸಾಕು.

ಆಕಾಶದಿಂದ ಬರುವುದು, ಮತ್ತು 6ಜಿ

ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ, ಜುಲೈಯಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ನಿಯಂತ್ರಕ ಇನ್-ಸ್ಪೇಸ್‌ನ ಅನುಮತಿ ಸಿಕ್ಕಿತು. ಯುಟೆಲ್‌ಸ್ಯಾಟ್ ಒನ್‌ವೆಬ್, ಜಿಯೊ–ಎಸ್‌ಇಎಸ್ ಜೋಡಿ ಅದಕ್ಕೂ ಮೊದಲೇ ಪರವಾನಗಿ ಪಡೆದಿದ್ದವು. ಹಳೇ ಉಪಗ್ರಹ ಇಂಟರ್ನೆಟ್ 35,786 ಕಿಲೋಮೀಟರ್ ಎತ್ತರದಿಂದ ಬರುತ್ತಿತ್ತು, ಒಂದು ಮಾತಿಗೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತಿತ್ತು. ಸ್ಟಾರ್‌ಲಿಂಕ್ ಉಪಗ್ರಹಗಳು 550 ಕಿಲೋಮೀಟರ್ ಆಸುಪಾಸಿನಲ್ಲಿ ಸುತ್ತುವುದರಿಂದ ಆ ತೊಂದರೆ ಹೋಯಿತು.

ಆದರೂ ನಮ್ಮೂರಿಗೆ ನನಗೆ ಅನುಮಾನವಿದೆ. ಡಿಶ್‌ಗೆ ತೆರೆದ ಆಕಾಶ ಬೇಕು. ತೋಟದ ಮನೆಗೆ ಅದೇ ಇಲ್ಲ. ಜಡಿಮಳೆಯಲ್ಲಿ ಡಿಟಿಎಚ್ ಟಿವಿ ನಿಲ್ಲುವುದು ಎಲ್ಲರಿಗೂ ಗೊತ್ತು, ಇದೂ ಅದೇ ಸಾಲಿನ ತರಂಗದ ಮೇಲೆ ಓಡುವುದು. ಫೈಬರ್ ಪೆಟ್ಟಿಗೆ 10 ವಾಟ್ ಆಸುಪಾಸು ತಿಂದರೆ ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್‌ಗೆ 75–100 ವಾಟ್ ಬೇಕು. ಎರಡು ದಿನ ಕರೆಂಟ್ ಇಲ್ಲದಾಗ ಇನ್‌ವರ್ಟರ್ ಎಷ್ಟು ಹೊತ್ತು ಎಳೆದೀತು? ಸೋಲಾರ್ ಇರುವ ಹೋಮ್‌ಸ್ಟೇ, ಗುಡ್ಡದ ತುದಿಯ ಎಸ್ಟೇಟ್, ಬೇರೆ ಏನೂ ತಲುಪದ ಶಾಲೆ, ಇವಕ್ಕೆ ಸರಿ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳಿಗಂತೂ ನಿಜವಾಗಿ ಬೇಕಾದ್ದು ಇದು. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಫೋನು ಸುಮ್ಮನಾಗುತ್ತದೆ, ಆಮೇಲೆ ವಯರ್‌ಲೆಸ್ಸೇ ಗತಿ. ಒಂದು ಎಚ್ಚರಿಕೆ: ಹೊರದೇಶದಲ್ಲಿರುವ ಅಣ್ಣ, ಭಾವ ಬರುವಾಗ ಸ್ಯಾಟಲೈಟ್ ಫೋನನ್ನೋ ಡಿಶ್ ಕಿಟ್ಟನ್ನೋ ತರುತ್ತೇನೆ ಅಂದರೆ ಬೇಡ ಅನ್ನಿ. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ.

6ಜಿ ಬರುವುದು 2030ರ ಹೊತ್ತಿಗೆ ಎಂಬ ಲೆಕ್ಕ. ಅದಕ್ಕಾಗಿ ಇವತ್ತಿನ ತೀರ್ಮಾನ ಮುಂದೂಡಬೇಡಿ.

ದುಡ್ಡು ಕೊಡುವ ಮೊದಲು

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಎಲ್ಲ ಮೊಬೈಲ್ ಕಂಪನಿಗಳೂ ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಬೇಕು. ಅದರಲ್ಲಿ ನಿಮ್ಮ ಊರು ನೋಡಿ. ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ಟವರ್ ಎಲ್ಲಿದೆ ಅಂತಲೂ ಸಿಗುತ್ತದೆ. ನಕ್ಷೆ ಹಸಿರು ತೋರಿಸಿದ ಮಾತ್ರಕ್ಕೆ ನಂಬಬೇಡಿ, ನಿಮ್ಮ ಗುಡ್ಡ ಅದಕ್ಕೆ ಅಷ್ಟಾಗಿ ಗೊತ್ತಿಲ್ಲ. ನೆಂಟರು ಬಂದಾಗ ಅವರ ಫೋನು ಇಸಿದುಕೊಂಡು, ನೀವು ಲ್ಯಾಪ್‌ಟಾಪ್ ಇಡುವ ಜಾಗದಲ್ಲೇ ಡಿಬಿಎಂ ನೋಡಿ, ರಾತ್ರಿ ಒಂಬತ್ತಕ್ಕೆ ಸ್ಪೀಡ್ ನೋಡಿ. ಅಪ್‌ಲೋಡ್ ಕೂಡ ಬರೆದಿಟ್ಟುಕೊಳ್ಳಿ. ಮೀಟಿಂಗ್‌ಗೆ 5 ಎಂಬಿಪಿಎಸ್ ಅಪ್‌ಲೋಡ್ ಅಲುಗಾಡದೆ ಸಿಕ್ಕಿದರೆ ಧಾರಾಳ.

ಎರಡನೇ ಸಿಮ್ ಬೇರೆ ಕಂಪನಿಯದ್ದಾಗಿದ್ದರೆ ಸಾಲದು, ಸಾಧ್ಯವಾದರೆ ಬೇರೆ ಟವರಿನದ್ದಾಗಿರಲಿ. ಎರಡು ಕಂಪನಿ ಒಂದೇ ಕಂಬ ಹಂಚಿಕೊಂಡಿದ್ದರೆ ಡೀಸೆಲ್ ಮುಗಿದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಫೈಬರ್ ಜೊತೆ ಅದೇ ಕಂಪನಿಯ ಮೊಬೈಲ್ ಪ್ಲಾನ್ ಸೇರಿಸಿ ಕೊಡುವ ಆಫರ್ ನನಗೆ ಇಷ್ಟವಿಲ್ಲದ್ದೂ ಇದಕ್ಕೇ. ಬಿಲ್ ಒಂದೇ ಬರುತ್ತದೆ ನಿಜ, ಕೈಕೊಡುವಾಗಲೂ ಒಟ್ಟಿಗೇ ಕೈಕೊಡಬಹುದು.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವುದು ಸುಲಭ. ಪೋರ್ಟ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡನ್ನು ಹೊಸ ಕಂಪನಿಯ ಅಂಗಡಿಗೆ ಕೊಟ್ಟರೆ ಆಯಿತು. ಒಮ್ಮೆ ಬದಲಿಸಿದರೆ 90 ದಿನ ಅಲ್ಲೇ ಇರಬೇಕು. ಹಾಗಾಗಿ ಬದಲಿಸುವುದಿದ್ದರೆ ಜೂನ್ ಮೊದಲ ವಾರ ಬೇಡ, ಮಾರ್ಚ್‌ನಲ್ಲೇ ಮುಗಿಸಿ. ಹಿಡಿಸದಿದ್ದರೆ ಮಳೆ ಶುರುವಾಗುವ ಹೊತ್ತಿಗೆ ಮತ್ತೆ ಬದಲಿಸಲು ಅವಕಾಶ ಉಳಿದಿರುತ್ತದೆ.